16 ಹರ್ಟ್ಸ್ ಅಂತ ಬರೆದು ಕೊಟ್ಟ ಸಬ್‌ವೂಫರ್ ಬಗ್ಗೆ ಕೊನೆಯ ದೂರು

ಕಲಬುರಗಿ
14 ಮೇ 2025

ಗ್ರಾಹಕ ಸೇವೆಯ ಮುಖ್ಯಸ್ಥರಿಗೆ ನಮಸ್ಕಾರ.

ವಿಷಯ: ಫೆಬ್ರುವರಿಯಲ್ಲಿ 38,500 ರೂಪಾಯಿ ಕೊಟ್ಟು ಕೊಂಡ, 16 ಹರ್ಟ್ಸ್‌ನಷ್ಟು ಆಳದ ಸದ್ದು ಕೊಡುತ್ತದೆ ಅಂತ ಬರೆದೂ ಕೊಡದ 10 ಇಂಚಿನ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್ ಬಾಕ್ಸ್), ಮತ್ತು ನಿಮ್ಮವರು ನನ್ನ ಮನೆಯಲ್ಲಿ ನಡೆದುಕೊಂಡ ರೀತಿ.

ನಿನ್ನೆ ಮಧ್ಯಾಹ್ನ ನಿಮ್ಮಿಂದ ಮೆಸೇಜ್ ಬಂತು. ನನ್ನ ದೂರು ಪರಿಹಾರವಾಗಿದೆಯಂತೆ, ಕೇಸ್ ಮುಚ್ಚಿದ್ದೀರಂತೆ, ಐದು ಸ್ಟಾರ್ ಕೊಡಬೇಕಂತೆ. ಏನು ಪರಿಹಾರವಾಯಿತು? ಬಾಕ್ಸ್ ಇನ್ನೂ ನನ್ನ ಹಾಲ್‌ನ ಮೂಲೆಯಲ್ಲೇ ಇದೆ. ಹಣ ನಿಮ್ಮ ಹತ್ತಿರವೇ ಇದೆ. ಒಂಬತ್ತು ಸಲ ಫೋನ್ ಮಾಡಿದ್ದೇನೆ, ಒಂಬತ್ತು ಸಲವೂ ಸಮಾಧಾನವಾಗಿಯೇ ಮಾತಾಡಿದ್ದೇನೆ. ಇನ್ನು ಫೋನ್ ಮಾಡುವುದಿಲ್ಲ.

ನಾನು ಯಾರು ಅಂತ ಮೊದಲು ಹೇಳುತ್ತೇನೆ, ಯಾಕಂದ್ರೆ ನಿಮ್ಮ ಮ್ಯಾನೇಜರ್ ಅದನ್ನೇ ಹಿಡಿದುಕೊಂಡು ಮಾತಾಡಿದರು. ಕಲಬುರಗಿಯಲ್ಲಿ 24 ವರ್ಷದಿಂದ ಶಾಮಿಯಾನಾ ಮತ್ತು ಮೈಕ್‌ಸೆಟ್ ನನ್ನ ಉದ್ಯೋಗ. ಮದುವೆ, ಜಾತ್ರೆ, ಉರುಸು, ಸಭೆ ಎಲ್ಲಕ್ಕೂ ಬಾಕ್ಸ್ ಇಟ್ಟಿದ್ದೇನೆ. ನಮ್ಮ 18 ಇಂಚಿನ ಬೇಸ್ ಬಾಕ್ಸ್‌ಗಳು ಬಯಲಿನಲ್ಲಿ ಸಾವಿರ ಜನಕ್ಕೆ ಎದೆ ಗುದ್ದುತ್ತವೆ. ಆದರೆ ಅವು 40 ಹರ್ಟ್ಸ್ ಹತ್ತಿರ ನಿಂತುಬಿಡುತ್ತವೆ. ಹರ್ಟ್ಸ್ ಅಂದ್ರೆ ಸದ್ದು ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವ ಲೆಕ್ಕ, ಅಂಕಿ ಕಡಿಮೆಯಾದಷ್ಟೂ ಸದ್ದು ಆಳ. ಅವನ್ನು ಮಾಡಿರುವುದೇ ಜೋರಿಗಾಗಿ, ಆಳಕ್ಕಾಗಿ ಅಲ್ಲ.

ಆಳ ಅಂದ್ರೆ ಏನು ಅಂತ ನನಗೆ ಗೊತ್ತಾದದ್ದು ಹೈದರಾಬಾದಿನಲ್ಲಿ. ಅಲ್ಲಿ ನಮ್ಮ ಗೆಳೆಯರೊಬ್ಬರು ಎರಡು 18 ಇಂಚಿನ ಡ್ರೈವರ್ (ಬಾಕ್ಸಿನೊಳಗಿನ ಸ್ಪೀಕರ್) ಹಾಕಿ, ರಂಧ್ರವಿಲ್ಲದ ಮುಚ್ಚಿದ ಬಾಕ್ಸ್‌ಗಳನ್ನು ಸ್ವಂತ ಕೈಯಿಂದ ಕಟ್ಟಿಕೊಂಡಿದ್ದಾರೆ. ಸಿನಿಮಾದಲ್ಲಿ ಗುಡುಗಿನ ದೃಶ್ಯ ಬಂತು. ಸದ್ದು ಜೋರಿರಲಿಲ್ಲ. ಕೋಣೆಯ ಗಾಳಿಯೇ ಒಮ್ಮೆ ದಪ್ಪವಾದ ಹಾಗಾಯಿತು, ಬಾಗಿಲು ಚೌಕಟ್ಟಿನೊಳಗೆ ಸಣ್ಣಗೆ ನಡುಗಿತು, ನಾನು ಕೂತ ಕುರ್ಚಿ ನಡುಗಿತು. ಇಷ್ಟು ವರ್ಷ ಸೌಂಡ್ ಕೆಲಸ ಮಾಡಿಯೂ ನಾನು ಅದನ್ನು ಕೇಳಿರಲಿಲ್ಲ. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿತ್ತು. ಅದಕ್ಕೇ ಹಣ ಕೂಡಿಟ್ಟೆ.

ಇದು ಎಲ್ಲರಿಗೂ ಬೇಕು ಅಂತ ನಾನು ಹೇಳುವುದಿಲ್ಲ. ಹಾಡು ಕೇಳುವವರಿಗೆ 40 ಹರ್ಟ್ಸ್ ತನಕ ಬಂದರೆ ಹೆಚ್ಚುಕಡಿಮೆ ಸಾಕು. ಬೇಸ್ ಗಿಟಾರಿನ ಅತಿ ದಪ್ಪ ತಂತಿ 41 ಹರ್ಟ್ಸ್, ಪಿಯಾನೋದ ಅತಿ ಕೆಳಗಿನ ಸ್ವರದ ಮನೆ 27.5. ಅದರ ಕೆಳಗೆ ಚರ್ಚಿನ ದೊಡ್ಡ ಆರ್ಗನ್ ಮತ್ತು ಸಿನಿಮಾದ ಗುಡುಗು, ಸ್ಫೋಟಗಳಷ್ಟೇ ಸಿಗುತ್ತವೆ. ನನಗೆ ಬೇಕಾದದ್ದು ಅದೇ. ಕೊಳ್ಳುವ ಮೊದಲು ನಿಮ್ಮ ಸೇಲ್ಸ್‌ನವರಿಗೆ ಇದನ್ನೇ ಎರಡು ಸಲ ಹೇಳಿದ್ದೆ. "16 ಹರ್ಟ್ಸ್ ತನಕ ಆರಾಮಾಗಿ ಹೋಗುತ್ತೆ ಸರ್" ಅಂದರು. ಪೆಟ್ಟಿಗೆಯ ಮೇಲೂ 16 ಅಂತ ದಪ್ಪ ಅಕ್ಷರದಲ್ಲಿದೆ. 35 ಹರ್ಟ್ಸ್ ಬಾಕ್ಸ್ ಸಾಕಾಗಿದ್ದರೆ ಇಲ್ಲೇ ಸೂಪರ್ ಮಾರ್ಕೆಟಿನಲ್ಲಿ ಅರ್ಧ ರೇಟಿಗೆ ತರುತ್ತಿದ್ದೆ.

ಬಂದ ಎರಡನೇ ದಿನವೇ ಅನುಮಾನ ಬಂತು. ಗುಡುಗಿನ ಜಾಗದಲ್ಲಿ ಬಾಕ್ಸಿನ ಹಿಂದಿನ ಗಾಳಿ ಕೊಳವೆಯಿಂದ ಉಸ್ ಉಸ್ ಅಂತ ಗಾಳಿಯ ಸದ್ದು. ಸ್ವಲ್ಪ ಜಾಸ್ತಿ ಮಾಡಿದರೆ ಕೋನ್ (ಸ್ಪೀಕರಿನಲ್ಲಿ ಹಿಂದೆ ಮುಂದೆ ಆಡುವ ಬಟ್ಟಲು) ಹಿಂದಕ್ಕೆ ಹೋಗಿ ಟಕ್ ಟಕ್ ಅಂತ ಬಡಿಯುತ್ತದೆ. ಸುಮ್ನೆ ಬಾಯಿಮಾತಿಗೆ ದೂರು ಹೇಳಬಾರದು ಅಂತ ಅಳತೆಯ ಮೈಕ್ ತರಿಸಿದೆ. ಆರ್‌ಇಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಲ್ಯಾಪ್‌ಟಾಪಿನಲ್ಲಿದೆ, ಅದರಲ್ಲಿ ಅಳೆದೆ. ರೂಮಿನ ದೋಷ ಅನ್ನುತ್ತೀರಿ ಅಂತ ಗೊತ್ತಿತ್ತು, ಅದಕ್ಕೆ ಬಾಕ್ಸನ್ನು ಟೆಂಪೋದಲ್ಲಿ ಹಾಕಿಕೊಂಡು ಆಳಂದ ರಸ್ತೆಯ ನಮ್ಮ ಗೋದಾಮಿನ ಹಿಂದಿನ ಬಯಲಿಗೆ ಒಯ್ದು, ರಾತ್ರಿ 11ರ ಮೇಲೆ, ನೆಲದ ಮೇಲೆ ಮೈಕ್ ಇಟ್ಟು ಇನ್ನೊಮ್ಮೆ ಅಳೆದೆ. 34 ಹರ್ಟ್ಸ್ ತನಕ ಗ್ರಾಫಿನ ಗೆರೆ ಸರಿಯಾಗಿದೆ. ಅಲ್ಲಿಂದ ಬಾವಿಗೆ ಬಿದ್ದ ಹಾಗೆ ಇಳಿಯುತ್ತದೆ. 16ರಲ್ಲಿ 23 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಕಡಿಮೆ. ಅಂದ್ರೆ ಶಕ್ತಿಯ ಲೆಕ್ಕದಲ್ಲಿ 200ರಲ್ಲಿ 1 ಪಾಲು. ಮನೆಯೊಳಗೆ ಗೋಡೆಗಳು ಕೆಳಗಿನ ಸದ್ದನ್ನು ಸ್ವಲ್ಪ ಎತ್ತಿಕೊಡುತ್ತವೆ, ಅದನ್ನೂ ಅಳೆದಿದ್ದೇನೆ. ಆದರೂ 14 ಡೆಸಿಬಲ್ ಕಡಿಮೆಯೇ ಇದೆ.

ಇದು ಹೀಗೇ ಆಗುತ್ತದೆ ಅಂತ ನಿಮ್ಮ ಎಂಜಿನಿಯರುಗಳಿಗೆ ಮೊದಲೇ ಗೊತ್ತಿತ್ತು. ಅಷ್ಟೇ ಜೋರು ಬೇಕಂದ್ರೆ 40 ಹರ್ಟ್ಸ್‌ನಲ್ಲಿ ತಳ್ಳುವ ಗಾಳಿಯ ನಾಲ್ಕು ಪಟ್ಟು 20 ಹರ್ಟ್ಸ್‌ನಲ್ಲಿ ತಳ್ಳಬೇಕು, 16ರಲ್ಲಿ ಆರು ಪಟ್ಟಿಗಿಂತ ಜಾಸ್ತಿ. ಕೊಳವೆ ಇಟ್ಟ ಬಾಕ್ಸ್ ತನ್ನ ಟ್ಯೂನಿಂಗ್ (ಕೊಳವೆ ಸದ್ದಿಗೆ ಬಲ ಕೊಡುವ ಹರ್ಟ್ಸ್) ಕೆಳಗೆ, ಹರ್ಟ್ಸ್ ಅರ್ಧವಾದಾಗಲೆಲ್ಲ 24 ಡೆಸಿಬಲ್‌ನಂತೆ ಬೀಳುತ್ತದೆ, ಮೇಲಾಗಿ ಅಲ್ಲಿ ಕೋನ್‌ಗೆ ಹಿಡಿತವೇ ಇರುವುದಿಲ್ಲ. ನಿಮ್ಮ ಬಾಕ್ಸಿನ ಟ್ಯೂನಿಂಗ್ 32. ಸಣ್ಣ ಬಾಕ್ಸ್, ಆಳದ ಬೇಸ್, ಕಡಿಮೆ ವ್ಯಾಟ್‌ಗೆ ಜೋರು ಸದ್ದು, ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಹಾಫ್‌ಮನ್ ಅವರ ಹೆಸರಿನ ನಿಯಮ ಇದು, ಬಾಕ್ಸ್ ಕಟ್ಟುವವರಿಗೆಲ್ಲ ಗೊತ್ತು. ಒಂದೂಕಾಲು ಅಡಿಯ ಪೆಟ್ಟಿಗೆಯಲ್ಲಿ ಮೂರನ್ನೂ ಕೊಡುತ್ತೇವೆ ಅಂತ ಯಾವ ಧೈರ್ಯದಿಂದ ಬರೆದಿರಿ? 16ರ ಪಕ್ಕ ಎಷ್ಟು ಡೆಸಿಬಲ್ ಹೆಚ್ಚುಕಮ್ಮಿ ಅಂತ ಎಲ್ಲೂ ಬರೆದಿಲ್ಲ. ಅದಿಲ್ಲದೆ ಆ ಅಂಕಿಗೆ ಅರ್ಥವೇ ಇಲ್ಲ.

ಈಗ ಏಪ್ರಿಲ್ 20ರ ವಿಷಯ. ಅವತ್ತು ಭಾನುವಾರ. ಟೆಕ್ನಿಷಿಯನ್ ಬರುವ ದಿನವನ್ನು ನೀವೇ ಗೊತ್ತು ಮಾಡಿದ್ದು. ಸೇಡಂನಿಂದ ಬೀಗರು ಬಂದಿದ್ದರು, ಮಗಳ ಮದುವೆಯ ಮಾತುಕತೆ ನಡೆದಿತ್ತು. ಸುಸಲಾ, ಭಜಿ ಕೊಟ್ಟು, ಚಹಾ ಇಡುವಷ್ಟರಲ್ಲಿ ನಿಮ್ಮ ಹುಡುಗ ಬಂದ. ಇನ್ನೊಂದು ದಿನ ಬಾ ಅಂದರೆ ಮತ್ತೆ 15 ದಿನ ಕಾಯಬೇಕು, ಅದಕ್ಕೆ ಒಳಗೆ ಕರೆದೆ. ಬೀಗರೂ ಕುತೂಹಲದಿಂದ ಕುರ್ಚಿ ಈ ಕಡೆ ತಿರುಗಿಸಿಕೊಂಡರು.

ಹುಡುಗ ತನ್ನ ಮೊಬೈಲ್‌ನಿಂದ 20 ಹರ್ಟ್ಸ್ ಟೋನ್ ಬಿಟ್ಟ. ಬಾಕ್ಸ್ ಗುಂಯ್ ಅಂತ ಜೋರಾಗಿ ಕೂಗಿತು. "ನೋಡ್ರಿ ಅಣ್ಣಾರ, ಬರ್ಲಾಕತ್ತದಲ್ರಿ?" ಅಂದ. ಶುದ್ಧ 20 ಹರ್ಟ್ಸ್ ಹಾಗೆ ಗುಂಯ್ ಅನ್ನುವುದಿಲ್ಲ. ಅದು ಕಿವಿಗೆ ಮುಟ್ಟಲಿಕ್ಕೇ 78 ಡೆಸಿಬಲ್ ಹತ್ತಿರ ಬೇಕು, ಮುಟ್ಟಿದಾಗಲೂ ಸ್ವರ ಅನ್ನಿಸುವುದಿಲ್ಲ, ಒತ್ತಡ ಅನ್ನಿಸುತ್ತದೆ. ನಾನು ಮೈಕ್ ಹಚ್ಚಿ ಲ್ಯಾಪ್‌ಟಾಪ್ ಅವನ ಮುಂದೆ ತಿರುಗಿಸಿದೆ. ಗ್ರಾಫಿನ ಗೆರೆಯಲ್ಲಿ 20ರಲ್ಲಿ ಸಣ್ಣ ಗುಡ್ಡೆ. 60ರಲ್ಲಿ ಅದಕ್ಕಿಂತ ಎತ್ತರದ ಗುಡ್ಡೆ. ಕೋನ್ ಒದ್ದಾಡಿ ಹುಟ್ಟಿಸಿದ ಮೂರು ಪಟ್ಟಿನ ಸದ್ದನ್ನೇ ನಾವೆಲ್ಲ ಕೇಳುತ್ತಿದ್ದೆವು. ಹುಡುಗ ತೆರೆಯನ್ನು ಬಹಳ ಹೊತ್ತು ನೋಡಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. "ಸಾಹೇಬ್ರಿಗಿ ಫೋನ್ ಹಚ್ತೀನ್ರಿ" ಅಂತ ನಿಮ್ಮ ಬೆಂಗಳೂರಿನ ಮ್ಯಾನೇಜರಿಗೆ ಹಚ್ಚಿ, ಸ್ಪೀಕರ್ ಆನ್ ಮಾಡಿ, ಮೊಬೈಲನ್ನು ಬಾಕ್ಸಿನ ಮೇಲೆಯೇ ಇಟ್ಟ. ಆಗ ನಡೆದ ಮಾತು ಇದು. ಒಂದು ಅಕ್ಷರ ಸೇರಿಸಿಲ್ಲ.

"ಸರ್, 20 ಹರ್ಟ್ಸ್ ಕೆಳಗೆ ಮನುಷ್ಯರಿಗೆ ಕೇಳ್ಸೋದೇ ಇಲ್ಲ. ನಿಮಗೆ 16 ಬರ್ತಿಲ್ಲ ಅಂತ ಹೇಗೆ ಗೊತ್ತಾಯ್ತು?"

"ಅಳೆದೀನ್ರಿ. ಗ್ರಾಫ್ ನಿಮಗೂ ಮೂರು ಸಲ ಕಳ್ಸೀನಿ."

"ಏನ್ ಕೆಲಸ ಮಾಡ್ತೀರಾ ನೀವು?"

"ಮೈಕ್‌ಸೆಟ್, ಶಾಮಿಯಾನಾ."

"ಹಾಂ, ಅದಕ್ಕೇ. ಮದುವೆ, ಜಾತ್ರೆ ಸೌಂಡಲ್ಲಿ ಕಿವಿ ಹೋಗಿರುತ್ತೆ ಸರ್. ಒಂದ್ಸಲ ಡಾಕ್ಟರ್‌ಗೆ ತೋರಿಸಿ. ನಮ್ದು ಹೋಮ್ ಆಡಿಯೋ, ಡಿಜೆ ಅಲ್ಲ. ನಿಮ್ಮಂಥವರಿಗೆ ಇದೆಲ್ಲ ಅರ್ಥ ಆಗಲ್ಲ."

ಬೀಗರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ಸುಮ್ಮನಾದರು. ಮಗಳು ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು, ಹಾಗೇ ಒಳಗೆ ಹೋದಳು. ಆ ಚಹಾ ಯಾರೂ ಕುಡಿಯಲಿಲ್ಲ, ಕೆನೆ ಕಟ್ಟಿತು. ಯಾವ ಕೆಲಸದಿಂದ ಮಗಳನ್ನು ಓದಿಸಿದೆನೋ, ಆ ಕೆಲಸವನ್ನೇ ನಿಮ್ಮ ಮ್ಯಾನೇಜರ್ ಅವಳ ಅತ್ತೆ ಮನೆಯವರ ಎದುರಿಗೆ ಹಾಗೆ ಅಂದರು. ನಾನು ಒಂದು ಮಾತೂ ತಿರುಗಿ ಆಡಲಿಲ್ಲ, ಬೀಗರಿದ್ದರು ಅಂತ.

ಈಗ ಆಡುತ್ತೇನೆ. 20ರ ಕೆಳಗೆ ಕೇಳಿಸುವುದೇ ಇಲ್ಲ ಅಂದ್ರೆ 16 ಅಂತ ಪೆಟ್ಟಿಗೆಯ ಮೇಲೆ ಯಾಕೆ ಹಾಕಿದಿರಿ? ಮಾರುವಾಗ ಅದು ಬೇಕು, ದೂರು ಬಂದಾಗ ಅದು ಬೇಡ, ಹೌದಲ್ವಾ? ಇನ್ನು ನನ್ನ ಕಿವಿ. ನಿಮ್ಮ ಮ್ಯಾನೇಜರ್ ಹೇಳಿದರು ಅಂತ ಮರುವಾರವೇ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಅಲ್ಲಿ ಪರೀಕ್ಷೆ ಮಾಡುವುದು 250 ಹರ್ಟ್ಸ್‌ನಿಂದ 8,000 ತನಕ. ಮೇಲಿನ ಭಾಗದಲ್ಲಿ ಸ್ವಲ್ಪ ಕಡಿಮೆಯಿದೆ, ವಯಸ್ಸಿಗೆ ಸರಿ ಅಂದರು. 16ಕ್ಕೂ ಆ ಪರೀಕ್ಷೆಗೂ ಸಂಬಂಧವೇ ಇಲ್ಲ. ಮೈಕ್‌ಗೆ ಜಾತ್ರೆಯಲ್ಲಿ ಕಿವಿ ಹೋಗುವುದಿಲ್ಲ, ಅದು ತೋರಿಸಿದ ಗ್ರಾಫಿಗೆ ಉತ್ತರ ಕೊಡಿ.

ವೋಲ್ಟೇಜ್ ಸಮಸ್ಯೆ ಅಂತ ಆಮೇಲೆ ಒಂದು ಮೇಲ್ ಬಂತು. ಸ್ಟೆಬಿಲೈಜರ್ ಇದೆ, ಫೋಟೋ ಕಳಿಸಿದ್ದೇನೆ, ಅದನ್ನು ಬಿಡಿ.

ನಿಮ್ಮ ವಾರಂಟಿ ಕಾರ್ಡಿನಲ್ಲಿ, ಬರೆದ ವಿವರದಂತೆ ವಸ್ತು ಇಲ್ಲದಿದ್ದರೆ ಹಣ ವಾಪಸ್ ಅನ್ನುವ ನಿಯಮ ಇದೆ. ಏಳು ದಿನದೊಳಗೆ ತಿಳಿಸಬೇಕು ಅಂತಲೂ ಇದೆ. ನಾನು ಮೂರನೇ ದಿನ ತಿಳಿಸಿದ್ದೇನೆ. ನಿಮ್ಮ ನಿಯಮವನ್ನು ನಾನು ಓದಿ ಹೇಳಬೇಕಾಗಿಲ್ಲ.

ಬದಲಿ ಬಾಕ್ಸ್ ಕಳಿಸುತ್ತೇವೆ ಅಂತ ಫೋನ್ ಮಾಡಬೇಡಿ. ಅದೇ ಅಳತೆಯ ಇನ್ನೊಂದು ಬಾಕ್ಸೂ ಅದನ್ನೇ ಮಾಡುತ್ತದೆ. 15 ದಿನ ಕಾಯುತ್ತೇನೆ. ಅಷ್ಟರಲ್ಲಿ ಪೂರ್ತಿ ಹಣ, ಮತ್ತು ಆ ಮ್ಯಾನೇಜರ್ ಸಹಿ ಮಾಡಿದ ಕ್ಷಮಾಪಣೆ ಪತ್ರ ಬರದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ಇರುವ ಊರಿನಲ್ಲೇ ಕೇಸ್ ಹಾಕಬಹುದು, ಬೆಂಗಳೂರಿಗೆ ನಾನು ಬರಬೇಕಿಲ್ಲ, ನೀವೇ ಇಲ್ಲಿಗೆ ಬರಬೇಕು. 5 ಲಕ್ಷದ ಒಳಗಿನ ವಸ್ತುವಿಗೆ ಫೀಸೂ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಆಗಲೇ ಫೋನ್ ಮಾಡಿ ದೂರು ಬರೆಸಿದ್ದೇನೆ. ಸುಳ್ಳು ಜಾಹೀರಾತಿಗೆ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷದ ತನಕ ದಂಡ ಹಾಕಬಹುದು, ಆ ಅರ್ಜಿಯೂ ಬರೆದಿಟ್ಟಿದ್ದೇನೆ.

ಅಲ್ಲಿಗೆ ಮುಗಿಯುವುದಿಲ್ಲ. ಆಳಂದ, ಅಫಜಲಪುರ, ಚಿತ್ತಾಪುರ, ಸೇಡಂ, ಈ ಕಡೆ ಹುಮನಾಬಾದ್ ತನಕ ಮೈಕ್‌ಸೆಟ್‌ನವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಊರಲ್ಲಿ ಯಾರಾದರೂ ಹೋಮ್ ಥಿಯೇಟರ್ ಕೊಳ್ಳುವ ಮೊದಲು ಕೇಳುವುದು ನಮ್ಮನ್ನೇ. ಆ ಗ್ರಾಫ್ ಎಲ್ಲರ ಮೊಬೈಲಿಗೂ ಹೋಗುತ್ತದೆ. ಆಯೋಗ ಕರೆದ ದಿನ ಬಾಕ್ಸನ್ನು ಅದೇ ಟೆಂಪೋದಲ್ಲಿ ಹಾಕಿಕೊಂಡು ಬರುತ್ತೇನೆ, ಮೈಕೂ ತರುತ್ತೇನೆ, ನಿಮ್ಮ ಮ್ಯಾನೇಜರ್ ಎಲ್ಲರೆದುರು 16 ಹರ್ಟ್ಸ್ ಬರಿಸಿ ತೋರಿಸಲಿ.

ಇಂತಿ,
ಬಿಲ್ ನಂಬರು ನಿಮ್ಮ ಹತ್ತಿರ ಇರುವ ಗ್ರಾಹಕ
ಕಲಬುರಗಿ