ಗೋದಿಯ ಗೇಟನ್ನು ವರ್ಷಕ್ಕೊಂದು ಗಂಟೆ ತೆರೆಸಿ

ದಕ್ಷಿಣ ಮುಂಬೈಯ ಮಾನ್ಯ ಸಂಸದರಿಗೆ ನಮಸ್ಕಾರಗಳು.

ನಾನು ನಿಮ್ಮ ಕ್ಷೇತ್ರದ ಮತದಾರ. ಮೂಲ ಉಡುಪಿ ಕಡೆ. ನಮ್ಮ ಅಜ್ಜ ಮಂಗಳೂರಿನಿಂದ ಸ್ಟೀಮರ್ ಹತ್ತಿ ಬಂದವರು, ಗೋದಿಯಲ್ಲಿ ಮೂಟೆ ಹೊತ್ತವರು. ಇಲ್ಲಿ ಹಡಗು ನಿಲ್ಲುವ ಡಾಕಿಗೆ ನಾವೆಲ್ಲ ಗೋದಿ ಅಂತಲೇ ಹೇಳುವುದು. ಅಪ್ಪನೂ ಅಲ್ಲೇ ದುಡಿದು ನಿವೃತ್ತರಾದರು. ಹನ್ನೊಂದು ವರ್ಷದಿಂದ ಒಂದೇ ಅರ್ಜಿ ಹಿಡಿದು ಅಲೆದು ಸಾಕಾಗಿದೆ. ಅದಕ್ಕೇ ಈ ಪತ್ರವನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

ಕೇಳುವುದು ಇಷ್ಟೇ. ಪ್ರತಿ ಏಪ್ರಿಲ್ 14ರಂದು, ಒಂದು ಗಂಟೆ ಹೊತ್ತು, ಗೋದಿ ಕಾರ್ಮಿಕರ ಮನೆಯವರನ್ನು ಒಳಗೆ ಬಿಡಿ.

1944ರ ಆ ದಿನ ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ನಿಂತಿತ್ತು. ಸುಮಾರು 1,400 ಟನ್ ಸ್ಫೋಟಕ, ಅದರ ಜೊತೆಗೇ ಹತ್ತಿ ಬೇಲು. ಮಧ್ಯಾಹ್ನ ಬೆಂಕಿ ಹತ್ತಿತು. ನಾಲ್ಕು ಗಂಟೆ ದಾಟಿದ ಮೇಲೆ ಹಡಗೇ ಸಿಡಿಯಿತು. ಅಜ್ಜ ಚಹಾ ಕುಡಿಯಲು ಹೊರಗೆ ಬಂದಿದ್ದರು, ಬದುಕಿಕೊಂಡರು. ಒಂದು ಕಿವಿ ಹೋಯಿತು. ಜೊತೆಗೆ ಮೂಟೆ ಹೊರುತ್ತಿದ್ದ ಊರಿನ ಇಬ್ಬರು ಹೊರಗೆ ಬರಲೇ ಇಲ್ಲ. ಅವತ್ತು ಸತ್ತ 66 ಅಗ್ನಿಶಾಮಕರನ್ನು ದೇಶ ಪ್ರತಿ ವರ್ಷ ನೆನೆಯುತ್ತದೆ, ನೆನೆಯಲೇಬೇಕು. ಸತ್ತ ಕೂಲಿಗಳ ಲೆಕ್ಕ ಮಾತ್ರ ಒಂದೊಂದು ಕಡೆ ಒಂದೊಂದು.

ಕಳೆದ ಏಪ್ರಿಲ್‌ನಲ್ಲಿ ಆದದ್ದು ಹೇಳುತ್ತೇನೆ. ಪಾಸ್ ಕೇಳಲು ನಾಲ್ಕು ದಿನ ಮುಂಚೆಯೇ ಒಂದು ಕಚೇರಿಗೆ ಹೋಗಿದ್ದೆ. ಮೂರು ಕಿಟಕಿ ಸುತ್ತಿಸಿ, ‘ಅವತ್ತೇ ಬನ್ನಿ, ಕೊಡುತ್ತೇವೆ’ ಅಂದರು. ಅವತ್ತು ಹೋದರೆ ಕಚೇರಿಗೆ ಬೀಗ. ಅಂಬೇಡ್ಕರ್ ಜಯಂತಿ ರಜೆ! ಹೇಳಿದವರಿಗೆ ಅದು ಗೊತ್ತಿರಲಿಲ್ವಾ? ಅಪ್ಪನಿಗೆ 82 ವರ್ಷ. ಬಾಳೆಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆ ಹಿಡಿದು ಬಿಸಿಲಲ್ಲಿ ಒಂದೂವರೆ ಗಂಟೆ ನಿಂತರು. ಕೊನೆಗೆ ಗೋಡೆಯ ಬುಡದಲ್ಲೇ ಹೂವಿಟ್ಟು ಕೈ ಮುಗಿದರು. ಕಾವಲಿನವನು ಬಂದು, ‘ಹಟಾವೋ, ಸಾಹೇಬರ ಗಾಡಿ ಬರುತ್ತೆ’ ಅಂದ. ಬಗ್ಗಲು ಆಗದ ಅಪ್ಪ ಬಗ್ಗಿ ಆ ಹೂವನ್ನು ತಾವೇ ಎತ್ತಿಕೊಂಡರು. ಮನೆಗೆ ಬರುವವರೆಗೂ ಅದು ಅವರ ಮುಷ್ಟಿಯಲ್ಲೇ ಇತ್ತು. ಒಂದು ಮಾತೂ ಆಡಲಿಲ್ಲ.

ಸ್ವಾಮಿ, ಈ ಊರು ಯಾರದ್ದು? 1668ರಲ್ಲಿ ಇಂಗ್ಲೆಂಡಿನ ರಾಜ ಈ ದ್ವೀಪಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕೊಟ್ಟ. ಅದು ಎಲ್ಲರಿಗೂ ಗೊತ್ತು. ಆ ಕಂಪನಿಯ ಗವರ್ನರ್ ಆಂಜಿಯರ್ ಹೆಸರೂ ಗೊತ್ತು. 1736ರಲ್ಲಿ ಸೂರತ್‌ನಿಂದ ಬಂದು ಇಲ್ಲಿ ಹಡಗು ಕಟ್ಟಿದ ಲವ್ಜಿ ವಾಡಿಯಾ ಹೆಸರೂ ಉಳಿದಿದೆ. ಆದರೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಈ ಊರಿಗೆ ದುಡ್ಡು ಸುರಿಸಿದ್ದು ಹತ್ತಿ. ಅದರಲ್ಲಿ ನಮ್ಮ ಧಾರವಾಡದ ಹತ್ತಿಯೂ ಇತ್ತು. ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು, ಕುಮಟಾದಲ್ಲಿ ಹಡಗು ಹತ್ತಿ ಬರುತ್ತಿತ್ತು. ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. 1880ರಲ್ಲಿ ಪ್ರಿನ್ಸಸ್ ಡಾಕ್, 1888ರಲ್ಲಿ ವಿಕ್ಟೋರಿಯಾ, 1914ರಲ್ಲಿ ಈಗ ಇಂದಿರಾ ಅನ್ನುವ ಅಲೆಕ್ಸಾಂಡ್ರಾ. ಆ ಕೊನೆಯದನ್ನು ತೋಡಿದ ಮಣ್ಣಿನ ಮೇಲೆ ಬಲ್ಲಾರ್ಡ್ ಎಸ್ಟೇಟ್ ಬಡಾವಣೆ ಎದ್ದಿತು. ಆ ಮಣ್ಣು ಹೊತ್ತವರ ಒಂದು ಹೆಸರು ಹೇಳಿ ನೋಡೋಣ.

ಬಂದರಿನ ಭದ್ರತೆಯ ನಿಯಮ ನನಗಿಂತ ನಿಮಗೆ ಜಾಸ್ತಿ ಗೊತ್ತು. ಹಡಗಿನ ಹತ್ತಿರ ಬಿಡಿ ಅಂತ ನಾವು ಕೇಳುತ್ತಿಲ್ಲ. ಗುರುತಿನ ಚೀಟಿ ನೋಡಿ, ಚೀಲ ತಪಾಸಣೆ ಮಾಡಿ, ಮೊಬೈಲ್ ಹೊರಗೆ ಇಡಿಸಿ, ಪೊಲೀಸರನ್ನು ಜೊತೆಗೆ ಕಳಿಸಿ. ಒಂದು ಗಂಟೆ ಸಾಕು. ಅಜ್ಜ ದುಡಿದ ಆ ಗೋದಿಯನ್ನು ಈಗ ಮಣ್ಣು ತುಂಬಿ ಮುಚ್ಚಿದ್ದಾರೆ. ಆ ಮಣ್ಣಿನ ಮೇಲಾದರೂ ಒಂದು ಹೂವು ಇಡಲು ಬಿಡಿ.

ಬರುವ ಏಪ್ರಿಲ್ 14ಕ್ಕೂ ರಜೆಯೇ. ಅದಕ್ಕೆ ಪಾಸ್ ಮುಂಚೆಯೇ ಕೊಡಿಸಿ. ನಾಲ್ಕು ಗಂಟೆಗೆ ಅಪ್ಪನನ್ನು ಕರೆದುಕೊಂಡು ಗೇಟಿನ ಹತ್ತಿರ ಬರುತ್ತೇನೆ.

ಇಂತಿ,
ಗೋದಿ ಕಾರ್ಮಿಕರೊಬ್ಬರ ಮಗ