ಮಗಳು ಬಿಎ ಓದುತ್ತೀನಿ ಅಂದಿದ್ದಕ್ಕೆ: ಚಳ್ಳಕೆರೆಯ ಗೆಳೆಯನಿಗೊಂದು ಪತ್ರ

ಪ್ರೀತಿಯ ತಿಪ್ಪೇಶ,

ನಿನ್ನ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಮಗಳು ಪಿಯುಸಿ ಸೈನ್ಸ್‌ನಲ್ಲಿ ಫಸ್ಟ್ ಕ್ಲಾಸ್ ಬಂದೂ ಬಿಎಗೇ ಸೇರುತ್ತೀನಿ ಅಂತ ಹಟ ಹಿಡಿದಿದ್ದಾಳೆ. ಮನೆಯಲ್ಲಿ ಮಾತು ನಿಂತಿದೆ. ನಿನ್ನ ಭಾಮೈದ ಬಿಸಿಎ ಕಾಲೇಜಿನ ಪಾಂಪ್ಲೆಟ್ ತಂದು ಟಿವಿ ಮೇಲೆ ಇಟ್ಟು ಹೋಗಿದ್ದಾನೆ. ನಾನೇ ಅವಳ ತಲೆ ಕೆಡಿಸಿದೆ ಅಂತ ತಂಗ್ಯಮ್ಮನಿಗೆ ಅನುಮಾನ. ಕೆಡಿಸಿಲ್ಲ ಕಣೋ. ಯುಗಾದಿಗೆ ಬಂದಾಗ ಅವಳು ಕೇಳಿದ್ದಕ್ಕೆ ಉತ್ತರ ಹೇಳಿದೆ, ಅಷ್ಟೇ. ಫೋನಿನಲ್ಲಿ ಹೇಳಲು ಹೋದರೆ ನಮ್ಮಿಬ್ಬರಿಗೂ ಅರ್ಧಕ್ಕೇ ಜಗಳ ಹತ್ತುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಚಿಂತೆಯಲ್ಲಿರುವ ಅಪ್ಪಂದಿರು ನಮ್ಮ ಕಡೆ ಬಹಳ ಜನ ಇದ್ದಾರೆ. ನೀನು ಬೇಡ ಅನ್ನಲ್ಲ ಅಂದುಕೊಂಡು ನಾಲ್ಕು ಜನ ಓದುವ ಕಡೆಯೂ ಹಾಕುತ್ತೇನೆ. ಮಗಳ ಹೆಸರು ಬರೆಯುವುದಿಲ್ಲ.

"ಬಿಎ ಮಾಡಿ ಏನು ಕಡಿದು ಕಟ್ಟೆ ಹಾಕ್ತಾಳೆ?" ಅಂದೆಯಲ್ಲ, ಆ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ನಮ್ಮಲ್ಲಿ ಬಿಎ ಅಂದರೆ ಬೇರೆಲ್ಲೂ ಸೀಟು ಸಿಗದವರು ಸೇರುವ ಕೋರ್ಸು ಅಂತಾಗಿದೆ. ಅಡ್ಮಿಷನ್ ಆದ ಮೇಲೆ ಹುಡುಗರು ಹೊಲಕ್ಕೋ, ಪೆಟ್ರೋಲ್ ಬಂಕಿನ ಕೆಲಸಕ್ಕೋ ಹೋಗುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಒಂದು ಗೈಡು ಕೊಳ್ಳುತ್ತಾರೆ. ಅದರಲ್ಲಿ ಅಶೋಕನ ಬಗ್ಗೆ 10 ಅಂಕದ ಉತ್ತರ ಪೀಠಿಕೆ, ಉಪಸಂಹಾರ ಸಮೇತ ರೆಡಿ ಇರುತ್ತದೆ. ಬಾಯಿಪಾಠ ಮಾಡಿ ಇಳಿಸಿದರೆ ಪಾಸು. ಅಂಥ ಬಿಎಯಿಂದ ಏನೂ ಆಗಲ್ಲ, ನೀನು ಹೇಳಿದ್ದು ಸರಿ. ಆದರೆ ಅದೇ ಥರ ಓದಿದ ಬಿಸಿಎಯಿಂದಲೂ ಏನೂ ಆಗಲ್ಲ. ಅಲ್ಲಿ ಫೀಸು ಜಾಸ್ತಿ, ಅಷ್ಟೇ ವ್ಯತ್ಯಾಸ.

ಇನ್ನೊಂದು ಥರದ ಬಿಎ ಇದೆ. ಅದನ್ನ ನಿಮ್ಮ ಮನೆಯ ಉದಾಹರಣೆಯಿಂದಲೇ ಹೇಳುತ್ತೇನೆ.

ನಿಮ್ಮಪ್ಪನ ಎಣ್ಣೆ ಮಿಲ್ಲು ತಗೋ. ನಾವು ಸಣ್ಣವರಿದ್ದಾಗ ಶೇಂಗಾ ಚೀಲಗಳ ಮೇಲೆ ಹತ್ತಿ ಕುಣಿದು ಬೈಸಿಕೊಳ್ಳುತ್ತಿದ್ದೆವು. ಬಿಸಿ ಹಿಂಡಿಯ ವಾಸನೆ ಅಂಗಿಗೆ ಅಂಟಿಕೊಂಡು ರಾತ್ರಿಯವರೆಗೂ ಹೋಗುತ್ತಿರಲಿಲ್ಲ. ಚಳ್ಳಕೆರೆಯನ್ನ ಎಣ್ಣೆ ನಗರ ಅಂತ ಕರೆಯುತ್ತಿದ್ದ ಕಾಲ ಅದು. ಆಮೇಲೆ ಒಂದೊಂದೇ ಮಿಲ್ಲಿನ ಬಾಗಿಲು ಹಾಕಿತು. ನಿಮ್ಮಪ್ಪ ಕೊನೆವರೆಗೂ ಮಳೆಯನ್ನೇ ಬೈದರು. ಮಳೆಯದೂ ತಪ್ಪಿತ್ತು ಅನ್ನು, ನಮ್ಮದು ಬರದ ಜಿಲ್ಲೆ. ಆದರೆ 1994ರಲ್ಲಿ ಪಾಮೊಲಿನ್ ಎಣ್ಣೆಯ ಆಮದಿಗಿದ್ದ ಕಟ್ಟುಪಾಡು ಸಡಿಲವಾಯಿತು. ಮಲೇಷ್ಯಾ, ಇಂಡೋನೇಷ್ಯಾದ ಅಗ್ಗದ ಎಣ್ಣೆ ಹಡಗಿನಲ್ಲಿ ಬಂದು ಇಳಿಯತೊಡಗಿತು. ಮಿರ್ಚಿ ಕರಿಯುವವನು ಶೇಂಗಾ ಎಣ್ಣೆ ಯಾಕೆ ಕೊಳ್ಳುತ್ತಾನೆ? ದೆಹಲಿಯಲ್ಲಿ ಹಾಕಿದ ಒಂದು ಸಹಿಗೂ ಚಳ್ಳಕೆರೆಯ ಮಿಲ್ಲಿನ ಬೀಗಕ್ಕೂ ಏನು ಸಂಬಂಧ, ಅದರಲ್ಲಿ ಮಳೆಯ ಪಾಲೆಷ್ಟು, ಆಮದಿನ ಪಾಲೆಷ್ಟು, ಸಾಲದ ಬಡ್ಡಿಯ ಪಾಲೆಷ್ಟು? ಇದನ್ನ ಲೆಕ್ಕ ಹಾಕಿ ಹೇಳಲು ಅರ್ಥಶಾಸ್ತ್ರ ಬೇಕು. ನಿಮ್ಮ ಅಟ್ಟದ ಮೇಲೆ ಕಿರ್ದಿ ಪುಸ್ತಕಗಳ ಗಂಟು ಇನ್ನೂ ಇದೆ ಅಲ್ವಾ? ತೂಕಕ್ಕೆ ಹಾಕಬೇಡ. ನಿನ್ನ ಮಗಳು ಸರಿಯಾಗಿ ಓದಿದರೆ ಮೂರನೇ ವರ್ಷಕ್ಕೆ ಆ ಗಂಟು ಬಿಚ್ಚಿ ನಿನಗೇ ನಿಮ್ಮ ಮನೆಯ ಕತೆ ಹೇಳುತ್ತಾಳೆ.

ಇತಿಹಾಸದ್ದೂ ಹೀಗೇ. ಬ್ರಹ್ಮಗಿರಿ ನಿಮಗೇನು ದೂರ? ಪಕ್ಕದ ಮೊಳಕಾಲ್ಮೂರು ತಾಲ್ಲೂಕು. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. ಹತ್ತಿರದಲ್ಲೇ ಸಿದ್ದಾಪುರದಲ್ಲಿ ಒಂದು, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಇನ್ನೊಂದು. ನಾನು ಪಾಠ ಮಾಡುವ ಎರಡನೇ ವರ್ಷದ ಹುಡುಗರನ್ನ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅರ್ಧ ಜನ ಸೆಲ್ಫಿಗೆ ಬಂದವರು, ಸುಳ್ಳು ಯಾಕೆ ಹೇಳಲಿ. ಬಂಡೆಯ ಮುಂದೆ ನಿಂತು ಶಾಸನದ ಅರ್ಥ ಓದಿ ಹೇಳಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು ಅನ್ನುವ ಹಿರಿಯ ಅಧಿಕಾರಿಗಳು ಇಸಿಲ ಅನ್ನುವ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ದೇವಾನಾಂಪ್ರಿಯನ, ಅಂದರೆ ಅಶೋಕನ, ಆಜ್ಞೆ ಹೀಗಿದೆ ಅಂತ ಶುರು ಮಾಡುತ್ತಾರೆ. ರಾಜ್ಯಶಾಸ್ತ್ರ ತಗೊಂಡಿದ್ದ ಒಬ್ಬ ಹುಡುಗ ತಟ್ಟನೆ, "ಸಾರ್, ಇದು ಡಿಸಿ ಆಫೀಸಿಂದ ತಾಲ್ಲೂಕಾಫೀಸಿಗೆ ಬಂದ ಸುತ್ತೋಲೆ ಇದ್ದಂಗೈತೆ" ಅಂದ. ಎಲ್ಲರೂ ನಕ್ಕರು. ಆದರೆ ಅವನು ಹೇಳಿದ್ದು ಎಷ್ಟು ಸರಿ ನೋಡು. ರಾಜನ ಮಾತು ನೇರವಾಗಿ ಇಲ್ಲಿಗೆ ಬಂದಿಲ್ಲ, ನಡುವೆ ಒಂದು ಕಚೇರಿ ದಾಟಿ ಬಂದಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಸೀಮೆಯನ್ನ ಹೇಗೆ ಆಳುತ್ತಿದ್ದರು ಅನ್ನುವುದು ಆ ಒಂದು ಸಾಲಿನಲ್ಲಿ ಸಿಗುತ್ತದೆ.

ಅದೇ ಶಾಸನದಲ್ಲಿ ತಂದೆ ತಾಯಿ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನ ಗೌರವಿಸಬೇಕು ಅಂತಲೂ ಇದೆ. ಇದನ್ನ ಸ್ವಲ್ಪ ಜೋರಾಗಿಯೇ ಓದಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಆದರೆ ಅವನು ತಾನು ಲಿಪಿಕಾರ ಅಂತ ಹೇಳಿಕೊಳ್ಳುವ ಕಡೆಯ ಪದ ಮಾತ್ರ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಅದು ನಡೆಯುತ್ತಿದ್ದದ್ದು ಈಗಿನ ಪಾಕಿಸ್ತಾನದ ಕಡೆ, ವಾಯವ್ಯದಲ್ಲಿ. ಹಿರಿಯೂರು ಕಡೆಯ ಒಬ್ಬ ಹುಡುಗಿ, ಕ್ಲಾಸಿನಲ್ಲಿ ಬಾಯೇ ಬಿಡದವಳು, "ಇವನು ಆ ಕಡೆಯವನಾ ಸಾರ್? ಅಥವಾ ನಂಗೆ ಎರಡೂ ಬರುತ್ತೆ ಅಂತ ತೋರಿಸಿಕೊಂಡಿದ್ದಾ? ಇಲ್ಲಿ ಅದನ್ನ ಓದೋರು ಯಾರಿದ್ರು?" ಅಂತ ಕೇಳಿದಳು. ನಾನು ಹೇಳಿದ ಯಾವ ಉತ್ತರಕ್ಕೂ ಅವಳಿಗೆ ಸಮಾಧಾನ ಆಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗಲೂ ಅದನ್ನೇ ಕೇಳುತ್ತಿದ್ದಳು. ಅವಳ ಬಿಎ ಶುರುವಾಗಿದ್ದು ಆವತ್ತು ಅಂತ ನನ್ನ ಲೆಕ್ಕ. ಅದಕ್ಕೂ ಮುಂಚೆ ಅವಳು ಬರೀ ಅಟೆಂಡೆನ್ಸ್ ಕೊಡುತ್ತಿದ್ದಳು.

ದುರ್ಗಕ್ಕೆ ಬಂದವರೆಲ್ಲ ಏಳು ಸುತ್ತಿನ ಕೋಟೆ ಹತ್ತಿ, ಓಬವ್ವನ ಕಿಂಡಿ ನೋಡಿ ಹೊರಡುತ್ತಾರೆ. ಕೋಟೆಯ ಹಿಂದಿನ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯದ ಜೊತೆ ರೋಮಿನ ನಾಣ್ಯವೂ ಸಿಕ್ಕಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆಸಿದರು. ನಮ್ಮ ಬಂಡೆಗಳ ನಡುವೆ ರೋಮಿನ ದುಡ್ಡು ಏನು ಮಾಡುತ್ತಿತ್ತು ಅನ್ನುವುದು ಇತಿಹಾಸವೂ ಹೌದು, ಅರ್ಥಶಾಸ್ತ್ರವೂ ಹೌದು. ಅದಕ್ಕೇ ಹೇಳುವುದು, ಕಾಂಬಿನೇಷನ್ ನೋಡಿ ತಗೋಬೇಕು ಅಂತ.

ಇಲ್ಲಿ ಒಂದು ವಿಷಯಕ್ಕೆ ನಾನು ಹಟ ಮಾಡುವವನೇ. ನಮ್ಮ ಹುಡುಗರು ಅರ್ಥಶಾಸ್ತ್ರ ಅಂದರೆ ಓಡುತ್ತಾರೆ, ಗ್ರಾಫು, ಲೆಕ್ಕ ಇರುತ್ತೆ ಅಂತ. ಸುಲಭ ಅಂತ ಯಾರೋ ಹೇಳಿದ ಮೂರು ವಿಷಯ ಆರಿಸಿಕೊಳ್ಳುತ್ತಾರೆ. ನಿನ್ನ ಮಗಳು ಪಿಯುಸಿಯಲ್ಲಿ ಮ್ಯಾಥ್ಸ್ ಓದಿ ಬಂದವಳು, ಅವಳಿಗೆ ಆ ಭಯ ಇರಬಾರದು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ತಗೊಳ್ಳಲಿ. ಸಮಾಜಶಾಸ್ತ್ರವೂ ಒಳ್ಳೆಯದೇ, ಒಳ್ಳೆಯ ಮೇಷ್ಟ್ರು ಇದ್ದರೆ. ಇಲ್ಲದಿದ್ದರೆ ಬರೀ ವ್ಯಾಖ್ಯೆ ಬರೆಸುತ್ತಾರೆ.

ಐಚ್ಛಿಕ ಕನ್ನಡ ಯಾಕೆ ಅಂತ ನೀನು ಮೂಗು ಮುರಿಯುತ್ತೀಯ, ಗೊತ್ತು. ಮನೆಯಲ್ಲಿ ಮಾತಾಡುವ ಭಾಷೆಯನ್ನ ಕಾಲೇಜಿಗೆ ಹೋಗಿ ಓದಬೇಕಾ ಅಂತ. ನಿಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಆದರೆ ಆಕೆಯ ಬಾಯಲ್ಲಿ ಸಾವಿರಾರು ಹಾಡು ಇದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಆ ಹಾಡುಗಳು ಇವತ್ತು ಅಚ್ಚಿನಲ್ಲಿ ಉಳಿದಿದ್ದರೆ, ಹಟ್ಟಿಗೆ ಹೋಗಿ, ಕೂತು ಕೇಳಿ ಬರೆದುಕೊಂಡ ಕನ್ನಡ ಮೇಷ್ಟ್ರುಗಳಿಂದ. ನಿಮ್ಮ ಬೀದಿಯಲ್ಲೇ ಸೋಬಾನೆ ಹಾಡುವ ಅಜ್ಜಿಯರು ಎಷ್ಟು ಜನ ಉಳಿದಿದ್ದಾರೆ ಹೇಳು. ನಿನ್ನ ಮಗಳ ಕೈಯಲ್ಲಿ ಮೊಬೈಲಂತೂ ಇದೆ. ರೆಕಾರ್ಡ್ ಮಾಡಿಕೊಂಡ ಮೇಲೆ ಅದನ್ನ ಏನು ಮಾಡಬೇಕು ಅಂತ ಕಲಿಸುವವರು ಬೇಕು.

ಅವಳು ಚಿತ್ರ ಬರೆಯುತ್ತಾಳೆ ಅಂದಿದ್ದೆ. ಬರೀ ಹವ್ಯಾಸಕ್ಕಾದರೆ ಬಿಡು. ಅದೇ ಮುಖ್ಯ ಅನ್ನಿಸಿದರೆ ದಾವಣಗೆರೆಯ ದೃಶ್ಯಕಲಾ ಕಾಲೇಜನ್ನ ಒಂದು ಸಲ ನೋಡಿಕೊಂಡು ಬನ್ನಿ. 1964ರಿಂದ ನಡೆಯುತ್ತಿರುವ ಕಾಲೇಜು ಅದು, ಈಗ ದಾವಣಗೆರೆ ವಿಶ್ವವಿದ್ಯಾಲಯದ್ದು. ಅಲ್ಲಿ ನಾಲ್ಕು ವರ್ಷದ ಡಿಗ್ರಿ, ಚಿತ್ರಕಲೆ, ಅನ್ವಯಿಕ ಕಲೆ, ಶಿಲ್ಪಕಲೆ ಎಲ್ಲ ಕಲಿಸುತ್ತಾರೆ. ಜಾಹೀರಾತು, ಡಿಸೈನ್ ಕಡೆ ಹೋಗಲು ಅನ್ವಯಿಕ ಕಲೆ ಒಳ್ಳೆಯ ದಾರಿ. ನಾಟಕದ ಹುಚ್ಚು ಇರುವವರಿಗೆ ನಮ್ಮ ಜಿಲ್ಲೆಯಲ್ಲೇ ಸಾಣೇಹಳ್ಳಿ ಇದೆ. ಅಲ್ಲಿ ರಂಗಶಾಲೆಯೂ ಇದೆ, ಊರೂರು ತಿರುಗುವ ಶಿವಸಂಚಾರ ನಾಟಕ ತಂಡವೂ ಇದೆ. ನಿನ್ನ ಮಗಳು ಅಷ್ಟು ಗಲಾಟೆಯವಳಲ್ಲ ಅಂದುಕೊಂಡಿದ್ದೇನೆ.

ಮೂರು ವರ್ಷವೋ ನಾಲ್ಕು ವರ್ಷವೋ ಅಂತ ಕೇಳಿದ್ದೆ. ಬಿಎ ಈಗ ಮತ್ತೆ ಮೂರು ವರ್ಷ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಆನರ್ಸ್ ತಂದರು. 2024ರಿಂದ ರಾಜ್ಯ ಸರ್ಕಾರ ಅದನ್ನ ಬಿಟ್ಟು ಮೂರು ವರ್ಷದ ಡಿಗ್ರಿಗೇ ಮರಳಿತು. ನಡುವೆ ಸಿಕ್ಕಿದ ಬ್ಯಾಚಿನವರ ಗೊಂದಲ ಹೇಳಿ ಪ್ರಯೋಜನ ಇಲ್ಲ, ನಿಮಗೆ ಅದು ತಟ್ಟಲ್ಲ.

ಇನ್ನು ಕೆಲಸ. ಇಲ್ಲಿ ನಿನಗೆ ಬಣ್ಣದ ಮಾತು ಹೇಳಲ್ಲ. ಬಿಎ ಮುಗಿಸಿದ ತಕ್ಷಣ ಕಾಲೇಜಿನ ಬಾಗಿಲಿಗೆ ಕಂಪನಿಯವರು ಬಂದು ಕರೆದುಕೊಂಡು ಹೋಗುವುದಿಲ್ಲ. ಎಂಎ ಮಾಡಿ ಲೆಕ್ಚರರ್ ಆಗುತ್ತೀನಿ ಅಂತ ಅವಳು ಅಂದರೆ ನನ್ನ ಕಡೆ ಬೊಟ್ಟು ಮಾಡಿ ತೋರಿಸು. ಇಷ್ಟು ವರ್ಷ ಆದರೂ ನಾನು ಅತಿಥಿ ಉಪನ್ಯಾಸಕನೇ. ಪ್ರತಿ ವರ್ಷ ಕೌನ್ಸೆಲಿಂಗ್, ಪ್ರತಿ ವರ್ಷ ಅದೇ ಎದೆ ಡವಡವ. ರಜೆಯಲ್ಲಿ ಸಂಬಳ ಇಲ್ಲ. ಪಾಠ ಮಾಡುವ ಖುಷಿಗೆ ಇದನ್ನೆಲ್ಲ ಸಹಿಸಿಕೊಳ್ಳುತ್ತೇನೆ, ಆದರೆ ಅವಳಿಗೆ ಇದೊಂದೇ ದಾರಿ ಅಂತ ಹೇಳಲಾರೆ.

ಬೇರೆ ದಾರಿಗಳು ಇವೆ. ಬಿಎ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಎರಡು ವರ್ಷದ ಬಿ.ಇಡಿ. ಮಾಡಿ ಟೀಚರ್ ಆಗಬಹುದು. ಟೀಚರ್ ಆಗುವ ಆಸೆ ಇದ್ದರೆ ಯಾವ ಕಾಂಬಿನೇಷನ್ ನೇಮಕಾತಿ ನಿಯಮಕ್ಕೆ ಹೊಂದುತ್ತದೆ ಅಂತ ಸೇರುವ ಮೊದಲೇ ವಿಚಾರಿಸಬೇಕು, ಎಷ್ಟೋ ಜನ ಆಮೇಲೆ ಪೇಚಾಡುತ್ತಾರೆ. ಕೆಎಎಸ್, ಐಎಎಸ್‌ಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನ ಕನ್ನಡದಲ್ಲೇ ಬರೆಯಬಹುದು, ಕನ್ನಡ ಸಾಹಿತ್ಯವನ್ನ ಐಚ್ಛಿಕವಾಗಿ ತಗೋಬಹುದು. ಆದರೆ ಮೊದಲ ಸೆಮಿಸ್ಟರಿನಿಂದಲೇ ಕೋಚಿಂಗ್ ಸೆಂಟರಿಗೆ ಕಳಿಸಬೇಡ. ಕಾಲೇಜಿನ ಪಾಠ ಬಿಟ್ಟು ಕರೆಂಟ್ ಅಫೇರ್ಸ್ ಉರು ಹೊಡೆಯುವ ಹುಡುಗರನ್ನ ದಿನಾ ನೋಡುತ್ತಿದ್ದೇನೆ. ಮೊಹೆಂಜೊದಾರೋದ ಸ್ನಾನದ ಕೊಳದ ಅಳತೆ ಕೇಳಿದರೆ ಥಟ್ಟನೆ ಹೇಳುತ್ತಾರೆ. ಅದು ಸ್ನಾನಕ್ಕೇ ಇದ್ದದ್ದು ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಹೋಗಿ ಲೈಬ್ರರಿಯ ಬಾಗಿಲು ತೆಗೆದಿದೆಯಾ ನೋಡು. ಒಳಗೆ ಹೋಗಿ ಯಾವುದಾದರೂ ನಾಲ್ಕು ಪುಸ್ತಕದ ಹಿಂದಿನ ಚೀಟಿ ತೆಗೆದು, ಕಡೆಯ ಸಲ ಯಾವಾಗ ಯಾರು ತಗೊಂಡು ಹೋಗಿದ್ದಾರೆ ನೋಡು. ಪ್ರಾಸ್ಪೆಕ್ಟಸ್‌ಗಿಂತ ಆ ಚೀಟಿ ಜಾಸ್ತಿ ಹೇಳುತ್ತೆ. ಮೂರನೇ ವರ್ಷದ ಹುಡುಗಿಯರು ಸಿಕ್ಕಿದರೆ, ಯಾವ ಮೇಷ್ಟ್ರು ಕ್ಲಾಸಿಗೆ ಬರುತ್ತಾರೆ ಅಂತ ತಂಗ್ಯಮ್ಮ ಕೇಳಲಿ. ನೀನು ಕೇಳಿದರೆ ಹೇಳಲ್ಲ.

ಓಡಾಟದ ಚಿಂತೆ ಬೇಡ. ಚಳ್ಳಕೆರೆಯಿಂದ ದುರ್ಗಕ್ಕೆ ಎಷ್ಟೋ ಹುಡುಗಿಯರು ದಿನಾ ಬರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಬೆಳಿಗ್ಗೆಯ ಬಸ್ಸಿನಲ್ಲಿ ನಿಲ್ಲಲು ಜಾಗ ಇರಲ್ಲ, ಅದೊಂದು ಗೊತ್ತಿರಲಿ. ದಾವಣಗೆರೆಯಾದರೆ ಹಾಸ್ಟೆಲ್ ನೋಡಬೇಕಾಗುತ್ತದೆ.

ಬರುವ ಭಾನುವಾರ ಮಗಳನ್ನ ಕರೆದುಕೊಂಡು ಮನೆಗೆ ಬಾ. ಭಾಮೈದನೂ ಬರಲಿ, ಪಾಂಪ್ಲೆಟ್ ಸಮೇತ. ಹಳೆಯ ಪ್ರಶ್ನೆಪತ್ರಿಕೆ, ಸಿಲೆಬಸ್ ಎಲ್ಲ ಅವಳ ಮುಂದೆ ಇಡುತ್ತೇನೆ, ನೋಡಿಯೂ ಅವಳಿಗೆ ಬೇಕು ಅನ್ನಿಸಿದರೆ ಸೇರಲಿ. ಅರ್ಜಿಯನ್ನ ಯುಯುಸಿಎಂಎಸ್ ಅನ್ನುವ ಸರ್ಕಾರದ ವೆಬ್‌ಸೈಟಿನಲ್ಲಿ ಆನ್‌ಲೈನ್ ಹಾಕಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್, ಆಧಾರ್ ತಗೊಂಡು ಬಾ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕಾಗುತ್ತದೆ. ಆದಾಯದ್ದು ಅವಧಿ ಮುಗಿದಿದ್ದರೆ ನಾಳೆಯೇ ನಾಡಕಚೇರಿಗೆ ಹೋಗು, ಕಡೆ ದಿನದವರೆಗೂ ಕಾಯಬೇಡ.

ಇಂತಿ ನಿನ್ನ ಗೆಳೆಯ,
ಚಿತ್ರದುರ್ಗದಿಂದ