ಥಾಣೆಯಲ್ಲಿ ನಾನೇ ಇಳಿದೆ

ಡೊಂಬಿವಲಿ
4 ಮೇ 2025, ಬೆಳಗಿನ ಜಾವ

ಪ್ರೀತಿಯ ಪುಟ್ಟಿ,

ಮೂರೂವರೆ ಗಂಟೆ. ಎಚ್ಚರ ಆಗಿದೆ. ಯಾಕೆ ಅಂತ ಹೇಳಬೇಕಾಗಿಲ್ಲ, ಅದೇ ಬಿಸಿ, ಅದೇ ಬೆವರು. ದಿಂಬಿನ ಕವರ್ ತೆಗೆದು ಬಕೆಟ್ಟಿಗೆ ಹಾಕಿದೆ. ನೈಟಿ ಬದಲಾಯಿಸಿ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ. ವಾಟ್ಸಾಪಿನಲ್ಲಿ ಬರೆಯಲು ಹೋಗಿ ನಾಲ್ಕು ಸಲ ಅಳಿಸಿದೆ. ನೀನು ಓದಿ ಸುಮ್ಮನಿದ್ದರೆ ಆ ಎರಡು ನೀಲಿ ಗೆರೆ ನೋಡುತ್ತಾ ಕೂರುವ ಶಕ್ತಿ ನನಗಿಲ್ಲ. ಅದಕ್ಕೆ ಕಾಗದ. ನಿನ್ನ ಅಪ್ಪನ ಹಳೇ ಡೈರಿಯ ಹಾಳೆ, ಮೇಲಿರುವ ತಾರೀಖು ನೋಡಬೇಡ.

ಬುಧವಾರ ಏನಾಯಿತು ಅಂತ ಇಬ್ಬರಿಗೂ ಗೊತ್ತು. ಅದನ್ನು ಮತ್ತೆ ಬರೆಯಲ್ಲ. ಅಕ್ಷಯ ತೃತೀಯ, ಹೊಸ ಮನೆ, ಇನ್ನೇನು ಪೂರ್ಣಾಹುತಿ ಅನ್ನುವಾಗ ಹೆತ್ತವಳೇ ಎದ್ದು ಹೋದರೆ ಯಾರಿಗಾದರೂ ಸಿಟ್ಟು ಬರುತ್ತೆ. ನೀನು ಬೈದದ್ದಕ್ಕೆ ಬೇಜಾರಿಲ್ಲ. ಸುಳ್ಳು, ಬೇಜಾರಿದೆ. "ಮುಟ್ಟು ನಿಂತು ಒಂಬತ್ತು ವರ್ಷ ಆಯ್ತಲ್ಲ ಆಯಿ, ಇನ್ನೂ ಅದೇ ನೆಪಾನಾ?" ಅಂದೆ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಅದರ ಬೆನ್ನಿಗೇ ಇನ್ನೊಂದು ಅಂದೆಯಲ್ಲ: "ಅವತ್ತು ಥಾಣೆಯಲ್ಲಿ ಇಳಿದು ಹೋದ ಹಾಗೆ ಇಲ್ಲೂ ಎದ್ದು ಹೋದೆ."

ಪುಣೆಯಿಂದ ಕಲ್ಯಾಣದವರೆಗೂ ಅದೇ ಮಾತು ತಲೆಯಲ್ಲಿ. ಖಂಡಾಲಾ ಘಾಟಿನ ಸುರಂಗ ಒಂದೊಂದು ಬಂದಾಗಲೂ ಕಿಟಕಿ ಗಾಜಿನಲ್ಲಿ ನನ್ನ ಮುಖ ಕಾಣಿಸುತ್ತಿತ್ತು. "ಇಳಿದು ಹೋದೆ" ಅಂದೆ ನೀನು. ನಾನು ಅವತ್ತು ನಿನಗೆ ಹೇಳಿದ್ದು ಜನ ತಳ್ಳಿಬಿಟ್ಟರು ಅಂತ. ಹಾಗಾದರೆ ನಿನಗೆ ಗೊತ್ತಿತ್ತು. ಹನ್ನೊಂದು ವರ್ಷ ಗೊತ್ತಿತ್ತಾ?

ಸರಿ, ನಿಜ ಬರೀತೀನಿ.

2014ರ ಜೂನ್. ಮಳೆ ಇನ್ನೂ ಹಿಡಿದಿರಲಿಲ್ಲ. ನಿನ್ನ ಹತ್ತನೆಯ ಕ್ಲಾಸಿನ ರಿಸಲ್ಟ್ ಬಂದಿತ್ತು. ದಾದರಿಗೆ ಹೋಗಿ ಎರಡು ಕುರ್ತಾ, ಒಂದು ಹಸಿರು ಬ್ಯಾಗು ತಗೊಂಡೆವು. ಸಂಜೆಯ ಫಾಸ್ಟ್ ಗಾಡಿ, ಲೇಡೀಸ್ ಡಬ್ಬಾ, ಉಸಿರಾಡಲೂ ಜಾಗವಿಲ್ಲ. ನಿನ್ನನ್ನು ಒಳಗೆ ಸೀಟುಗಳ ನಡುವೆ ನಿಲ್ಲಿಸಿ ನಾನು ಬಾಗಿಲಿನ ಈಚೆ ನಿಂತೆ. ಘಾಟ್ಕೋಪರ್ ದಾಟಿದ ಮೇಲೆ ಶುರುವಾಯಿತು. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ, ನೆತ್ತಿಗೆ. ಒಳಗೆ ಯಾರೋ ಪಂಪ್ ಸ್ಟೋವಿಗೆ ಗಾಳಿ ಹೊಡೆದ ಹಾಗೆ. ಎದೆ ಡವಡವ. ಪಕ್ಕದ ಹೆಂಗಸಿನ ಒದ್ದೆ ತೋಳು ನನ್ನ ತೋಳಿಗೆ ಅಂಟಿತ್ತು. ಅದನ್ನು ಕಿತ್ತೆಸೆಯಬೇಕು ಅನ್ನಿಸಿತು. ಸಾಯ್ತೀನಿ ಅಂದುಕೊಂಡೆ. ಮುಂದಿನ ಸ್ಟೇಷನ್ ಬರದಿದ್ದರೆ ಬಾಗಿಲಿನಿಂದ ಹಾರುತ್ತಿದ್ದೆನೋ ಏನೋ.

ಥಾಣೆ ಬಂತು. ನಾನೇ ತಳ್ಳಿದೆ, ಯಾರೂ ನನ್ನನ್ನು ತಳ್ಳಲಿಲ್ಲ. ಒಬ್ಬ ಅಜ್ಜಿಯ ಕಾಲು ತುಳಿದು ಇಳಿದೆ. ಹಿಂದೆ ತಿರುಗಿ ನೋಡಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಫ್ಯಾನಿನ ಕೆಳಗೆ ಬೆಂಚು ಸಿಕ್ಕಿತು. ನೀರಿನ ಬಾಟ್ಲಿ ಕೊಂಡು, ಕುಡಿಯದೆ ಕುತ್ತಿಗೆಯ ಹಿಂದೆ ಸುರಿದುಕೊಂಡೆ. ರವಿಕೆ ಬೆನ್ನಿಗೆ ಅಂಟಿತು. ಗಾಡಿ ಹೊರಟುಹೋಗಿತ್ತು.

ಫೋನ್ ಬಡಿಯುತ್ತಿತ್ತು. ಪರ್ಸಿನ ಜಿಪ್ ತೆಗೆದು ನೋಡಿದೆ. ನಿನ್ನ ಹೆಸರು. ಎತ್ತಲಿಲ್ಲ. ಮತ್ತೆ ಬಡಿಯಿತು, ಎತ್ತಲಿಲ್ಲ. ಹನ್ನೊಂದು ಸಲ ಮಾಡಿದ್ದೀಯ, ಆಮೇಲೆ ಎಣಿಸಿದೆ. ಆರು ಗಾಡಿ ನನ್ನೆದುರಿಗೇ ಹೋದವು. ಬೆವರು ಆರಿ ಚಳಿ ಹಿಡಿದು ನಡುಗುತ್ತಾ ಕೂತಿದ್ದೆ, ಜೂನ್ ತಿಂಗಳಲ್ಲಿ. ಆರಾಮ ಆದಮೇಲೂ ಏಳಲಿಲ್ಲ ಪುಟ್ಟಿ. ಇದನ್ನೇ ನಾನು ಯಾರಿಗೂ ಹೇಳಿಲ್ಲ. ಆ ಹೊತ್ತಿನಲ್ಲಿ ನನಗೊಬ್ಬ ಮಗಳಿದ್ದಾಳೆ ಅನ್ನೋದೇ ಬೇಡವಾಗಿತ್ತು. ಯಾರೂ ನನ್ನನ್ನು ಕರೆಯಬಾರದು, ಮುಟ್ಟಬಾರದು. ಶೇಂಗಾ ಮಾರುವವನು ಎರಡು ಸಲ ನೋಡಿಕೊಂಡು ಹೋದ.

ಆಗ ನನಗೆ 46. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬರುತ್ತಿತ್ತು ಅಷ್ಟೆ. ನಿಂತೇ ಇರಲಿಲ್ಲವಲ್ಲ, ಹಾಗಾಗಿ ಇದು ಅದೇ ಅಂತ ಹೊಳೆಯಲಿಲ್ಲ. ಹಾರ್ಟ್ ಅಂದುಕೊಂಡೆ. ನಿಮಗ್ಯಾರಿಗೂ ಹೇಳದೆ ಇಸಿಜಿ ಮಾಡಿಸಿದೆ. ಸರಿ ಇತ್ತು. ಡಾಕ್ಟರು "ವಯಸ್ಸಾಯ್ತಲ್ಲ, ಒಂದೆರಡು ವರ್ಷ ಸಹಿಸ್ಕೊಳ್ಳಿ" ಅಂದರು. ಹಾರ್ಮೋನ್ ಅಂತ ಬಾಯಿಬಿಟ್ಟರೆ "ಕ್ಯಾನ್ಸರ್ ಬೇಕಾ?" ಅಂದರು. ಫೀಸ್ ಮಾತ್ರ ಸರಿಯಾಗಿ ತಗೊಂಡರು.

ಒಂದೆರಡು ವರ್ಷ ಅಂತ ನಾನೂ ನಂಬಿದೆ, ನೀನೂ ನಂಬಿದೆ. ಆ ಲೆಕ್ಕವೇ ತಪ್ಪು ಅಂತ ಹೇಳಿದ್ದು ಈಗಿನ ಡಾಕ್ಟರು. ಅಮೆರಿಕದಲ್ಲಿ 1996ರಿಂದ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ್ದಾರಂತೆ. ಅದರ ಲೆಕ್ಕ 2015ರಲ್ಲಿ ಬಂತು. ಈ ಬಿಸಿ ಏರುವುದು ಅರ್ಧಕ್ಕರ್ಧ ಜನರಿಗೆ 7 ವರ್ಷಕ್ಕಿಂತ ಜಾಸ್ತಿ. ಮುಟ್ಟು ನಿಲ್ಲುವ ಮೊದಲೇ ಶುರುವಾದರೆ ಇನ್ನೂ ಉದ್ದ, ಅವರಲ್ಲಿ ಅರ್ಧ ಜನರಿಗೆ 11 ವರ್ಷ ದಾಟುತ್ತದೆ. ನನ್ನದು ಅದೇ ಜಾತಿ. ನೀನು ಮುಟ್ಟು ನಿಂತ ದಿನದಿಂದ ಎಣಿಸಿ ಒಂಬತ್ತು ಅಂದೆ. ಥಾಣೆಯ ಬೆಂಚಿನಿಂದ ಎಣಿಸು.

ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ಅವರು ಗೀಸರಿನ ಉದಾಹರಣೆ ಕೊಟ್ಟರು. ಮೈ ಎಷ್ಟು ಬಿಸಿ ಇದೆ ಅಂತ ನೋಡಿಕೊಳ್ಳುವ ಒಂದು ಜಾಗ ಮೆದುಳಿನಲ್ಲಿದೆ. ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇಳಿದಾಗ ಅದು ತೀರಾ ಸೂಕ್ಷ್ಮವಾಗುತ್ತದೆ. ಮೈ ಒಂಚೂರು ಬೆಚ್ಚಗಾದರೂ ಬೆಂಕಿ ಬಿತ್ತು ಅಂತ ಬೊಬ್ಬೆ ಹಾಕುತ್ತದೆ. ಚರ್ಮದ ರಕ್ತನಾಳ ಅಗಲವಾಗುತ್ತೆ, ಬೆವರು ಕಿತ್ತುಕೊಂಡು ಬರುತ್ತೆ, ಆಮೇಲೆ ಚಳಿ. ಅಂಥವಳನ್ನು ರೇಷ್ಮೆ ಸೀರೆ ಉಡಿಸಿ, ಏಪ್ರಿಲ್ ತಿಂಗಳಲ್ಲಿ ಹೋಮದ ಹೊಗೆಯ ಎದುರು ಕೂರಿಸಿದರೆ ಏನಾಗಬೇಕು ಹೇಳು.

ನೀನು ಎರಡು ವರ್ಷದಿಂದ ಹಾರ್ಮೋನ್ ಮಾತ್ರೆಯ ಲಿಂಕ್ ಕಳಿಸುತ್ತಿದ್ದೀಯ. ಎಲ್ಲ ಓದಿದ್ದೇನೆ, ಉತ್ತರ ಕೊಡಲಿಲ್ಲ ಅಷ್ಟೆ. ಆ ಮೊದಲಿನ ಡಾಕ್ಟರ ಹೆದರಿಕೆ 2002ರದ್ದು. ಅಮೆರಿಕದಲ್ಲಿ ಈ ಮಾತ್ರೆಯ ಒಂದು ದೊಡ್ಡ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದ್ದರು. ಆಮೇಲೆ ವಯಸ್ಸಿನ ಪ್ರಕಾರ ಬಿಡಿಸಿ ನೋಡಿದರೆ, 60ರ ಒಳಗೆ ಅಥವಾ ಮುಟ್ಟು ನಿಂತ 10 ವರ್ಷದ ಒಳಗೆ ಶುರು ಮಾಡಿದ, ಬೇರೆ ತೊಂದರೆ ಇಲ್ಲದ ಹೆಂಗಸರಲ್ಲಿ ಹೆಚ್ಚಿನವರಿಗೆ ಲಾಭವೇ ಜಾಸ್ತಿ. ಆದರೆ 2019ರಲ್ಲಿ ನನ್ನ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಲ್ಲ. ಅದಕ್ಕೆ ನನಗೆ ಆ ಮಾತ್ರೆ ಬೇಡ ಅಂದರು. ಬದಲಿಗೆ ಡಿಪ್ರೆಶನ್ನಿಗೆ ಕೊಡುವ ಒಂದು ಮಾತ್ರೆಯನ್ನೇ ಸಣ್ಣ ಪ್ರಮಾಣದಲ್ಲಿ ಕೊಟ್ಟಿದ್ದಾರೆ. ಅದು ಬಿಸಿಯನ್ನೂ ಇಳಿಸುತ್ತದೆ. ನಿನ್ನ ಅಪ್ಪ ಚೀಟಿ ಓದಿ ಹೆದರಿ, ಎರಡು ದಿನ ನನ್ನ ಜೊತೆ ಮೆಲ್ಲಗೆ ಮಾತಾಡಿದರು. ಅದೂ ಒಂದು ಲಾಭ. ಈಗ ದಿನಕ್ಕೆ ಹನ್ನೆರಡು ಸಲ ಬರುವುದು ನಾಲ್ಕೈದಕ್ಕೆ ಇಳಿದಿದೆ. ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಕೌನ್ಸೆಲಿಂಗಿಗೂ ಕಳಿಸಿದ್ದರು. ನಗಬೇಡ. ಭುಜ ಸಡಿಲ ಬಿಟ್ಟು ನಿಧಾನ ಉಸಿರಾಡೋದು, "ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ" ಅನ್ನೋ ಯೋಚನೆ ಬಂದಾಗ ಅದು ನಿಜಾನಾ ಅಂತ ಕೇಳಿಕೊಳ್ಳೋದು. ಆಫೀಸಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ನಿನ್ನ ಮನೆಯಲ್ಲಿ ಕೆಲಸ ಮಾಡಲಿಲ್ಲ, ಅಲ್ಲಿ ಎಲ್ಲರೂ ನಿಜವಾಗಿಯೂ ನನ್ನನ್ನೇ ನೋಡುತ್ತಿದ್ದರು.

ಮಾತ್ರೆಗಿಂತ ಮೊದಲು ನನ್ನ ಕೈ ಹಿಡಿದದ್ದು ನನ್ನ ಡಬ್ಬಾ. ಬೆಳಗಿನ ಗಾಡಿಯ ಗ್ರೂಪು ನಿನಗೆ ಗೊತ್ತಲ್ಲ, ದಸರಾಕ್ಕೆ ಗಾಡಿಯಲ್ಲೇ ಹೂ ಕಟ್ಟಿ ಪೂಜೆ ಮಾಡುವವರು. ಒಂದು ದಿನ ನಾನು ಮುಖ ಒರೆಸಿಕೊಳ್ಳುತ್ತಿದ್ದಾಗ ಎದುರಿನವಳು ಏನೂ ಕೇಳದೆ ಎದ್ದು ಕಿಟಕಿ ಸೀಟು ಕೊಟ್ಟಳು. ಇನ್ನೊಬ್ಬಳು ಮಡಚುವ ಬೀಸಣಿಗೆ ತೆಗೆದಳು. ಕೇಳಿದರೆ ನಮ್ಮ ಒಂಬತ್ತು ಜನರಲ್ಲಿ ಐವರಿಗೆ ಇದೇ ಕಥೆ! ಈಗ ನಮ್ಮಲ್ಲಿ ಒಂದು ಗುಟ್ಟಿನ ಮಾತಿದೆ. "ಶೇಗಡಿ ಪೇಟಲೀ" ಅಂದರೆ ಒಲೆ ಹೊತ್ತಿಕೊಂಡಿತು ಅಂತ. ಯಾರು ಹಾಗಂದರೂ ಕಿಟಕಿ ಅವರದ್ದು. ಈ ಡಾಕ್ಟರ ವಿಳಾಸ ಸಿಕ್ಕಿದ್ದೂ ಅಲ್ಲೇ. ಹನ್ನೆರಡು ವರ್ಷ ದಿನಾ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು, ಅದಕ್ಕಿಂತ ಮೊದಲು ಯಾಕೆ ಬಾಯಿಬಿಡಲಿಲ್ಲವೋ.

ನೀನು ನೋಡದ್ದು ಒಂದಿದೆ. ಬುಧವಾರ ನಾನು ಬಾತ್‌ರೂಮಿನಲ್ಲಿ ಸೀರೆ ಮೊಣಕಾಲಿಗೆ ಎತ್ತಿಕೊಂಡು ಎರಡೂ ಮಣಿಕಟ್ಟು ನಲ್ಲಿ ಕೆಳಗೆ ಹಿಡಿದಿದ್ದೆ. ಬಾಗಿಲು ಬಡಿಯಿತು. ನೀನು ಅಂದುಕೊಂಡೆ. ನಿನ್ನ ಅತ್ತೆ, ಕೈಯಲ್ಲಿ ಒದ್ದೆ ಟವೆಲ್. ಕುತ್ತಿಗೆಗೆ ಹಾಕಿದರು. "ಮಲಾಪಣ್ ಹೋತಂ" ಅಂದರು, ನನಗೂ ಆಗುತ್ತೆ ಅಂತ. ಅವರಿಗೆ 63! ಮಗನಿಗೆ ಹೇಳಿಲ್ಲವಂತೆ. ಬಕೆಟ್ ಬೋರಲು ಹಾಕಿ ಅವರು ಕೂತರು, ಕಮೋಡಿನ ಮುಚ್ಚಳದ ಮೇಲೆ ನಾನು. ಹೊರಗೆ ಭಟ್ಟರ ಮಂತ್ರ. ಹದಿನೈದು ನಿಮಿಷ ಹಾಗೇ ಇದ್ದೆವು. ನಾನು ಹೇಳಿದೆ ಅಂತ ಅವರಿಗೆ ಹೇಳಬೇಡ. ಆದರೆ ನಿನ್ನ ಹಾಲ್‌ನಲ್ಲಿ ಇನ್ನೊಂದು ಫ್ಯಾನ್ ಹಾಕಿಸು.

ಮನೆ ಚೆನ್ನಾಗಿದೆ. ಅದನ್ನು ಹೇಳಲೇ ಇಲ್ಲ ನಾನು. ಬಾಗಿಲಿನ ಬೋರ್ಡಿನಲ್ಲಿ ನಿನ್ನ ಹೆಸರು ಮೊದಲು ಇದೆ. ನಾನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದೆ, ಲಿಫ್ಟ್‌ಮ್ಯಾನ್ ನಗುತ್ತಿದ್ದ.

ಉಪದೇಶ ಮಾಡಲ್ಲ ಅಂದುಕೊಂಡೇ ಕೂತಿದ್ದು. ಆದರೂ ಕೇಳು. ತಾಯಿಗೆ ನಿಂತ ವಯಸ್ಸಿನ ಆಚೀಚೆಗೇ ಮಗಳಿಗೂ ನಿಲ್ಲುವುದು ಜಾಸ್ತಿಯಂತೆ. ಮೂಳೆ ಗಟ್ಟಿಯಾಗುವುದೆಲ್ಲ ಮೂವತ್ತರ ಸುಮಾರಿಗೆ ಮುಗಿಯುತ್ತದೆ. ನಿನಗೆ 27. ರಾಗಿ ತಿನ್ನು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ನೀನು ಮೂಗು ಮುರಿಯುವ ಅದೇ ಅಂಬಲಿ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತು. ಹನ್ನೆರಡು ತಿಂಗಳು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರ ಹತ್ತಿರ ಓಡಬೇಕು. ಇದು ನಿನಗೆ ಈಗ ಬೇಡ, ನಿನ್ನ ಅತ್ತೆಗೆ ಗೊತ್ತಿರಲಿ. ಸಿಗರೇಟು ಸೇದುವವರಿಗೆ ಒಂದೆರಡು ವರ್ಷ ಬೇಗ ನಿಲ್ಲುತ್ತದಂತೆ. ಸುಮ್ನೆ ಹೇಳಿದೆ. ನಿನ್ನ ಬಾಲ್ಕನಿಯ ಕುಂಡದಲ್ಲಿ ಕಂಡದ್ದು ಗಾರೆ ಕೆಲಸದವರದ್ದೇ ಇರಬೇಕು.

ನೋಡು, ಎಲ್ಲಿಂದ ಎಲ್ಲಿಗೆ ಬಂದೆ.

ಎರಡು ಕೇಳುವುದಿದೆ. ನಿನಗೆ ಹೇಗೆ ಗೊತ್ತಾಯಿತು? ಗಾಡಿ ಹೊರಟಾಗ ಕಿಟಕಿಯಿಂದ ನೋಡಿದೆಯಾ, ನಾನು ಬೆಂಚಿನ ಕಡೆ ನಡೆಯುತ್ತಿದ್ದದ್ದನ್ನು? ಬೆನ್ನು ಕಂಡಿತಾ?

ಇನ್ನೊಂದು. ಅವತ್ತು ನಾನು ಮನೆ ಸೇರಿದಾಗ ಎಂಟೂವರೆ. ನೀನು ಅನ್ನಕ್ಕಿಟ್ಟಿದ್ದೆ. ಏನೂ ಕೇಳಲಿಲ್ಲ. ಹಸಿರು ಬ್ಯಾಗು ಮೊಳೆಗೆ ನೇತುಹಾಕಿತ್ತು. ಅಪ್ಪನಿಗೆ ಏನು ಹೇಳಿದೆಯೋ, ಅವರೂ ಏನೂ ಕೇಳಲಿಲ್ಲ. ಆದರೆ ಮನೆ ಕೀ ನನ್ನ ಪರ್ಸಿನಲ್ಲಿತ್ತು. ಅಪ್ಪ ಬಂದದ್ದು ಎಂಟಕ್ಕೆ. ನಿನ್ನ ಗಾಡಿ ಏಳೂಕಾಲಿಗೇ ಡೊಂಬಿವಲಿ ಮುಟ್ಟಿರಬೇಕು. ಆ ಮುಕ್ಕಾಲು ಗಂಟೆ ನೀನು ಎಲ್ಲಿದ್ದೆ ಪುಟ್ಟಿ? ಸ್ಟೇಷನ್ನಿನಲ್ಲೇ ಕಾಯ್ತಾ ಇದ್ದೆಯಾ, ಮೆಟ್ಟಿಲ ಮೇಲೆ ಕೂತಿದ್ದೆಯಾ?

ನಿನ್ನ
ಆಯಿ